ಲಕ್ಕಿಯ ಸೀನು

ಮುಲುಂಡ್, ಮುಂಬಯಿ
12 ಆಗಸ್ಟ್ 1998

ಪ್ರೀತಿಯ ದೇವಿ ಅತ್ತಿಗೆಗೆ ನಿನ್ನ ನಾದಿನಿ ಲಕ್ಕಿ ಮಾಡುವ ನಮಸ್ಕಾರ.

ಇಲ್ಲಿ ಕ್ಷೇಮ. ಮಂಕಿಯಲ್ಲಿ ಮಳೆ ಹೇಗೆ, ಅಣ್ಣನ ಬಸಳೆ ಚಪ್ಪರ ನಿಂತಿದೆಯೇ, ಸುಪ್ರಿಯಾ ಓದುತ್ತಿದ್ದಾಳೆಯೇ ಎಂದೆಲ್ಲ ಕೇಳುವ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ. ನಾನು ಟಿ.ವಿ.ಯಲ್ಲಿ ಬರುತ್ತೇನೆ.

ನಗಬೇಡ. ಅಲ್ಲ, ನಗು. ನಗಲಿಕ್ಕೇ ಮಾಡಿದ್ದು ಅದು.

ನಡೆದದ್ದು ಹೀಗೆ. ನಾನು ಅಡುಗೆಗಿರುವ ಜಯಶ್ರೀಬಾಯಿಯವರು ಕುಮಟೆ ಕಡೆಯವರಲ್ಲವೇ, ಅವರಿಗೆ ಮೀನುಸಾರಿಗೆ ಊರಿನ ಹಾಗೆಯೇ ಒಣಮೆಣಸು ಹುರಿಯಬೇಕು. ಮೊನ್ನೆ ಹುರಿಯುವಾಗ ಸೀನು ಹತ್ತಿಕೊಂಡಿತು. ನನ್ನ ಸೀನು ನಿನಗೆ ಗೊತ್ತಲ್ಲ, ಒಂದು ಬಂದರೆ ಅದರ ಮನೆಯವರೆಲ್ಲ ಹಿಂದೆ ಬರುತ್ತಾರೆ. ಒಂದೊಂದೂ ಒಂದೊಂದು ರಾಗ. ಮೇಲಿನ ಮಾಳಿಗೆಯಲ್ಲಿ ಜಾಹೀರಾತು ತೆಗೆಯುವ ಸಾಹೇಬರೊಬ್ಬರಿದ್ದಾರೆ. ಅವರು ಮೆಟ್ಟಿಲ ಮೇಲೆ ನಿಂತು ಏಳು ಸೀನನ್ನೂ ಕೇಳಿ ಬಾಗಿಲು ಬಡಿದರು. ಗಲಾಟೆ ಮಾಡಿದ್ದಕ್ಕೆ ಬೈಯಲು ಬಂದರು ಅಂದುಕೊಂಡೆ. ಅವರು ಕೇಳಿದ್ದು, "ಇದನ್ನು ಕ್ಯಾಮೆರಾ ಮುಂದೆ ಮಾಡುತ್ತೀಯಾ?" ಎಂದು.

ಶೀತದ ಮುಲಾಮಿನ ಜಾಹೀರಾತು. ನಾನು ಸೀನುತ್ತೇನೆ, ಗಂಡನ ಟೋಪಿಯನ್ನು ಹಾರಿಸುತ್ತೇನೆ, ಗೋಡೆಯ ಕ್ಯಾಲೆಂಡರ್ ಹಾರುತ್ತದೆ, ಕೊನೆಗೆ ಬಾಗಿಲಲ್ಲಿ ನಿಂತ ಅತ್ತೆಯೇ ಹಾರಿ ಅಂಗಳಕ್ಕೆ ಬೀಳುತ್ತಾಳೆ. ಟೋಪಿಗೆ ಹಿಂದಿನಿಂದ ದಾರ ಕಟ್ಟಿ ಎಳೆಯುತ್ತಾರೆ. ಅಲ್ಲಿ ಹೋಗಿ ನಿಂತರೆ ಒಂದು ಸೀನೂ ಬರಲಿಲ್ಲ! ನಶ್ಯ ತರಿಸಿದರು. ಮೂವತ್ತೊಂದು ಸಲ ತೆಗೆದರು. ಗಂಡನ ಪಾತ್ರ ಮಾಡಿದವರು ಕೊನೆಕೊನೆಗೆ ನಾನು ಬಾಯಿ ತೆರೆದರೇ ಓಡುತ್ತಿದ್ದರು.

ಹೆಸರು ಲಕ್ಕಿ ಎಂದರೆ ಇಲ್ಲಿಯವರು, "ಹೌದು, ನೀನು ಅದೃಷ್ಟವಂತೆ" ಅನ್ನುತ್ತಾರೆ. ಅದು ಇಂಗ್ಲಿಷಲ್ಲ, ನನ್ನ ಅಜ್ಜಿಯ ಹೆಸರು ಎಂದು ಹೇಳಿ ಹೇಳಿ ಸಾಕಾಯಿತು.

ಅಣ್ಣನಿಗೆ ಈಗ ಹೇಳಬೇಡ. ಟಿ.ವಿ.ಯಲ್ಲೇ ನೋಡಲಿ.

ನಿನ್ನ
ಲಕ್ಕಿ


ಮಂಕಿ
3 ನವೆಂಬರ್ 1998

ಪ್ರೀತಿಯ ಲಕ್ಕಿಗೆ ಅತ್ತಿಗೆಯ ಆಶೀರ್ವಾದ.

ನೋಡಿದೆವು! ಭಾನುವಾರ ಸಂಜೆಯ ಸಿನೆಮಾದ ನಡುವೆ ಬಂದೆ. ಪಕ್ಕದ ಗಣಪಿಯ ಮನೆಯ ಟಿ.ವಿ. ಮುಂದೆ ಇಪ್ಪತ್ತು ಜನ ಇದ್ದೆವು. ನೀನು ಮೂಗು ಮೇಲೆ ಮಾಡಿದ ಕೂಡಲೇ ಸುಪ್ರಿಯಾ, "ಅತ್ತೆ! ನಮ್ಮ ಲಕ್ಕತ್ತೆ!" ಎಂದು ಕೂಗಿದಳು. ಆಮೇಲೆ ಯಾರಿಗೂ ಸಿನೆಮಾ ಬೇಡವಾಯಿತು. ಇನ್ನೊಮ್ಮೆ ನಿನ್ನ ಸೀನು ಬರುತ್ತದೋ ಎಂದು ಕಾದು ಕೂತರು. ಗಣಪಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

ನನ್ನದೊಂದು ತಕರಾರು. ಆ ಮಾತು ನಿನ್ನದಲ್ಲ. ಸೀನು ನಿನ್ನದು, ಬಾಯಿ ನಿನ್ನದು, ಅದರೊಳಗಿಂದ ಬೆಂಗಳೂರಿನ ಯಾವಳೋ ಮಾತಾಡುತ್ತಾಳೆ. ಕನ್ನಡದಲ್ಲಿ ಹೇಳಲು ನಿನ್ನನ್ನೇ ಯಾಕೆ ಕೇಳಲಿಲ್ಲ? ನನ್ನ ಅಂಗನವಾಡಿಯ ಮಕ್ಕಳಿಗೂ ಗೊತ್ತಾಯಿತು, "ಟೀಚರ್, ಇದು ಬೇರೆ ದನಿ" ಎಂದರು.

ನಿನ್ನ ಅಣ್ಣನಿಗೂ ಖುಷಿಯಾಗಿದೆ. ಹೆಚ್ಚು ಮಾತಾಡುವವರಲ್ಲವಲ್ಲ, ಹೇಳಿಕೊಳ್ಳುವುದಿಲ್ಲ ಅಷ್ಟೆ.

ನೆತ್ತಿಗೆ ಎಣ್ಣೆ ಹಾಕಿಕೊ. ಟಿ.ವಿ.ಯಲ್ಲಿ ತಲೆ ಒಣಗಿದ ಹಾಗೆ ಕಂಡಿತು.

ನಿನ್ನ ಅತ್ತಿಗೆ
ದೇವಿ


ಮುಲುಂಡ್
20 ಸೆಪ್ಟೆಂಬರ್ 1999

ಪ್ರೀತಿಯ ಅತ್ತಿಗೆಗೆ,

ಒಂದು ವರ್ಷದಲ್ಲಿ ಐದು ಜಾಹೀರಾತು ಮಾಡಿದೆ. ಕುಕ್ಕರಿನದರಲ್ಲಿ ಸೀಟಿಗೆ ಹೆದರಿ ಮಂಚದ ಕೆಳಗೆ ಹೋಗುವವಳು ನಾನೇ. ಬಣ್ಣದ್ದರಲ್ಲಿ ಒಣಗದ ಗೋಡೆಗೆ ಒರಗಿ ಅಂಟಿಕೊಳ್ಳುವವಳೂ ನಾನೇ. ಆದರೂ ರೈಲಿನಲ್ಲಿ ಹೆಂಗಸರು ಗುರುತು ಹಿಡಿದು ಕೇಳುವುದು ಒಂದೇ: "ಬಾಯಿ, ಒಂದು ಸೀನು ಹಾಕಿ." ಹಾಕುತ್ತೇನೆ. ಡಬ್ಬಿಯ ತುಂಬ ಜನ ನಗುತ್ತಾರೆ. ಕಚೇರಿಗೆ ಹೋಗುವವರು, ಬೆಳಿಗ್ಗೆ ಎದ್ದದ್ದಕ್ಕೇ ಸಿಟ್ಟು ಬಂದಿರುವ ಮುಖಗಳು, ಅವು ಸಡಿಲವಾಗುವುದನ್ನು ನೋಡಬೇಕು ಅತ್ತಿಗೆ. ನಾನು ಮಾಡಿದ ಯಾವ ಅಡುಗೆ ತಿಂದೂ ಯಾರ ಮುಖವೂ ಹಾಗೆ ಆಗಿಲ್ಲ.

ಜಯಶ್ರೀಬಾಯಿಯವರ ಮನೆಯ ಕೆಲಸ ಬಿಟ್ಟು ಹತ್ತಿರದಲ್ಲೇ ಒಂದು ಕೋಣೆ ಹಿಡಿದಿದ್ದೇನೆ. ಬಾಗಿಲ ಪಕ್ಕ ದೊಡ್ಡ ಕನ್ನಡಿ. ಬೆಳಿಗ್ಗೆ ಎದ್ದು ಅದರ ಮುಂದೆ ಅರ್ಧ ಗಂಟೆ ಮುಖ ಓಡಿಸುತ್ತೇನೆ. ಪೈಲ್ವಾನರಿಗೆ ಗರಡಿ ಇದ್ದಂತೆ ನನಗೆ ಅದು.

ಅಣ್ಣ ಒಂದು ಸಾಲೂ ಬರೆಯುವುದಿಲ್ಲ. ಶನಿವಾರ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿದರೂ ನಿನ್ನೊಬ್ಬಳ ಹತ್ತಿರವೇ ಮಾತು. ಸಿಟ್ಟೇ? ನಿಜ ಹೇಳು.

ಲಕ್ಕಿ


ಮಂಕಿ
14 ಡಿಸೆಂಬರ್ 1999

ಪ್ರೀತಿಯ ಲಕ್ಕಿಗೆ,

ಸಿಟ್ಟೂ ಇಲ್ಲ, ಎಂತದೂ ಇಲ್ಲ. ಅವರಿಗೆ ಗದ್ದೆಯ ಕೆಲಸ, ಹೊನ್ನಾವರದ ಸಂತೆ, ತರಕಾರಿ ಹೊರೆ. ಬೂತಿನಲ್ಲಿ ಫೋನು ಹಿಡಿದರೆ ಅವರಿಗೆ ಮಾತು ಹೊರಡುವುದಿಲ್ಲ.

ಸಿಹಿ ಸುದ್ದಿ. ಸುಪ್ರಿಯಾಳ ಮದುವೆ ನಿಶ್ಚಯವಾಯಿತು. ಹುಡುಗ ಕುಮಟೆಯವನು, ಮೋಹನ, ಗ್ಯಾರೇಜಿನಲ್ಲಿದ್ದಾನೆ. ನನ್ನ ತವರು ಅಳ್ವೆಕೋಡಿಗೆ ಅವರ ಮನೆ ಹತ್ತಿರ. ಮೇ ಹನ್ನೊಂದು. ಸೋದರತ್ತೆ ನೀನು, ಎಂಟು ದಿನ ಮೊದಲೇ ಬರಬೇಕು. ಗಂಡಿನ ಕಡೆಯವರು ಕೇಳಿದ ಮೊದಲನೇ ಮಾತು, "ಆ ಸೀನುವವರು ಬರ್ತಾರಲ್ಲ?"

ಸೀರೆಗೆಂದು ಭಟ್ಕಳಕ್ಕೆ ಹೋಗಿದ್ದೆವು. ಪೇಟೆಯ ಔಷಧಿ ಅಂಗಡಿಯ ಬಾಗಿಲಲ್ಲಿ ನನ್ನಷ್ಟೆತ್ತರ ನಿನ್ನ ಚಿತ್ರ! ಮೂಗು ಕೆಂಪು, ಕಣ್ಣು ಮುಚ್ಚಿದೆ, ಕೈಯಲ್ಲಿ ಡಬ್ಬಿ. ನನ್ನ ನಾದಿನಿ ಎಂದೆ. ಅಂಗಡಿಯ ಸಾಹೇಬರು ನಂಬಲಿಲ್ಲ. ಸುಪ್ರಿಯಾ ನಿನ್ನಂತೆಯೇ ಸೀನಿ ತೋರಿಸಿದಳು, ಆಗ ನಂಬಿ ಕುರ್ಚಿ ಕೊಟ್ಟರು. "ಮುಂಚೆ ಶೀತ ಆದವ್ರು ಸಪ್ಪೆ ಮೋರೆ ಹಾಕ್ಕೊಂಡು ಬರ್ತಿದ್ರು. ಈಗ ಬಾಗಿಲಲ್ಲೇ ನಗ್ತಾ ಬರ್ತಾರೆ. ಅರ್ಧ ಕಾಯಿಲೆ ಅಲ್ಲೇ ಹೋಯ್ತು" ಎಂದರು.

ಅಣ್ಣನ ಬಗ್ಗೆ ಏನೇನೋ ಯೋಚಿಸಬೇಡ.

ದೇವಿ


ಮುಲುಂಡ್
24 ಏಪ್ರಿಲ್ 2000

ಪ್ರೀತಿಯ ಅತ್ತಿಗೆಗೆ,

ಕ್ಷೇಮ. ನಾನು ಮದುವೆಗೆ ಬರಲಾಗುವುದಿಲ್ಲ. ದೊಡ್ಡ ಕೆಲಸವೊಂದು ಬಂದಿದೆ, ಮದ್ರಾಸಿಗೆ ಹೋಗಬೇಕು, ತಿಂಗಳು ಪೂರ್ತಿ ಅಲ್ಲೇ. ಬಿಟ್ಟರೆ ಹೆಸರು ಕೆಡುತ್ತದೆ. ಫೋನಿಗೂ ಸಿಗುವುದಿಲ್ಲ. ಸುಪ್ರಿಯಾಳಿಗೆ ಹಸಿರು ಸೀರೆ ಪಾರ್ಸೆಲ್ ಮಾಡಿದ್ದೇನೆ. ಅವಳಿಗೆ ನನ್ನ ಮೇಲೆ ಸಿಟ್ಟು ಮಾಡಬೇಡ ಎಂದು ಹೇಳು.

ಎಲ್ಲ ಚೆನ್ನಾಗಿ ಆಗಲಿ.

ಲಕ್ಕಿ


ಮಂಕಿ
5 ಜೂನ್ 2000

ಲಕ್ಕಿಗೆ,

ಮದುವೆ ಆಯಿತು. ಚೆನ್ನಾಗಿಯೇ ಆಯಿತು. ಸೋದರತ್ತೆ ಮಾಡುವುದನ್ನೆಲ್ಲ ಗಣಪಿ ಮಾಡಿದಳು. ಸುಪ್ರಿಯಾ ನಿನ್ನ ಹಸಿರು ಸೀರೆ ಉಟ್ಟು ಚಪ್ಪರದಲ್ಲಿ ಕೂತು ರಸ್ತೆ ಕಡೆಗೇ ನೋಡುತ್ತಿದ್ದಳು. ನೀನು ತಮಾಷೆಗೆ ಹಾಗೆ ಬರೆದಿದ್ದೀ, ಕೊನೇ ಗಳಿಗೆಯಲ್ಲಿ ಬಂದು ಎಲ್ಲರನ್ನೂ ಬೆಚ್ಚಿಬೀಳಿಸುತ್ತೀ ಎಂದು ಅವಳ ನಂಬಿಕೆ.

ಎರಡು ತಿಂಗಳಿಂದ ಶನಿವಾರ ಬೂತಿಗೆ ಹೋಗಿ ಕೂತು ಬರುತ್ತೇನೆ. ಫೋನಿಲ್ಲ. ಆದರೆ ಟಿ.ವಿ.ಯಲ್ಲಿ ಮಾತ್ರ ದಿನಕ್ಕೆ ನಾಲ್ಕು ಸಲ ಬರುತ್ತೀ. ಅಲ್ಲಿ ಎಷ್ಟು ಚೆನ್ನಾಗಿದ್ದೀ! ಊರಿಗೆಲ್ಲ ನಗಲು ನೀನು ಸಿಗುತ್ತೀ, ನಮಗೆ ಸಿಗುವುದಿಲ್ಲ.

ಸಿಟ್ಟು ಬಂದಿದೆ, ಹಾಗಾಗಿ ಒಂದು ನಿಜ ಹೇಳಿಬಿಡುತ್ತೇನೆ. ನಿನ್ನ ಅಣ್ಣನಿಗೆ ಖುಷಿಯಾಗಿದೆ ಎಂದು ನಾನು ಬರೆದದ್ದು ಸುಳ್ಳು. ಬಸ್ ಸ್ಟಾಪಿನ ಚಾ ಅಂಗಡಿಯಲ್ಲಿ ಅವರ ಹೆಸರಿಗೆ ನಿನ್ನ ಸೀನು ಸೇರಿಸಿ "ಆಕ್ಷೀ ಶನಿಯಾರ" ಎಂದು ಕರೆಯುತ್ತಾರೆ. ಮೊದಲ ದಿನವೇ ಅರ್ಧ ಚಾ ಬಿಟ್ಟು ಎದ್ದು ಬಂದವರು ಮತ್ತೆ ಅಲ್ಲಿಗೆ ಕಾಲಿಟ್ಟಿಲ್ಲ. ನಿನ್ನ ಜಾಹೀರಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಒಮ್ಮೆ ಕೇಳಿದೆ. "ನನ್ನ ತಂಗಿ ನೋಡಿ ಊರೆಲ್ಲ ನಗ್ತದೆ. ಅವ್ರ ಜೊತಿ ಕೂತು ನಾ ಹೆಂಗೆ ಚಾ ಕುಡಿಯುದು?" ಎಂದರು. ಎರಡು ವರ್ಷದಿಂದ ನಿನಗೆ ನೋವಾಗಬಾರದೆಂದು ಮುಚ್ಚಿಟ್ಟೆ.

ಅವರು ನಿನ್ನೆ ತಮ್ಮಷ್ಟಕ್ಕೇ ಹೊನ್ನಾವರಕ್ಕೆ ಹೋಗಿ ರೈಲಿನ ಟಿಕೆಟು ತೆಗೆಸಿ ಬಂದರು. "ಎಂತಕ್ಕೆ ಹೋಗ್ತ್ರಿ?" ಎಂದು ಕೇಳಿದೆ. "ಕೇಳೂಕೆ" ಎಂದರು. ಅಷ್ಟೇ. ಈ ಪತ್ರಕ್ಕಿಂತ ಮೊದಲು ಅವರೇ ನಿನ್ನ ಬಾಗಿಲಿಗೆ ಬರಬಹುದು. ನೀನು ಮದ್ರಾಸಿನಲ್ಲೇ ಇದ್ದರೆ ಜಯಶ್ರೀಬಾಯಿಯವರಲ್ಲಿ ವಿಚಾರಿಸಿ ಬರುತ್ತಾರಂತೆ.

ದೇವಿ


ಮುಲುಂಡ್
26 ಜೂನ್ 2000

ಅತ್ತಿಗೆ,

ಬೈಯುವುದೆಲ್ಲ ಬೈದು ಮುಗಿಸಿದ್ದೀಯಲ್ಲ, ಈಗ ನನ್ನದು ಕೇಳು. ನಾನು ಮದ್ರಾಸಿಗೆ ಹೋಗಲೇ ಇಲ್ಲ.

ಏಪ್ರಿಲ್ ಎರಡನೇ ತಾರೀಖು ಬೆಳಿಗ್ಗೆ ಎದ್ದು ಚಾ ಕುಡಿದರೆ ಅದು ಬಾಯಿಯ ಎಡಗಡೆಯಿಂದ ಸುರಿಯಿತು. ಕನ್ನಡಿ ನೋಡಿದೆ. ಮುಖದ ಎಡಭಾಗ ಕೆಳಗೆ ಜೋತುಬಿದ್ದಿತ್ತು. ಹುಬ್ಬು ಏಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ನಗಲು ಹೋದರೆ ಬಲಗಡೆ ಮಾತ್ರ ಕಿವಿಗೆ ಓಡುತ್ತದೆ. ಮುಖದ ನರ ಬಾತಿದೆ, ಹೆಚ್ಚಿನವರಿಗೆ ವಾಸಿಯಾಗುತ್ತದೆ, ಎಷ್ಟು ಆಗುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಕಣ್ಣಿಗೆ ಹನಿ ಕೊಟ್ಟರು, ಮುಖಕ್ಕೆ ಮಾಡುವ ಹತ್ತು ವ್ಯಾಯಾಮ ಬರೆದುಕೊಟ್ಟರು. ಪಕಾರ, ಬಕಾರ, ಮಕಾರ ಸರಿಯಾಗಿ ಬರುತ್ತಿರಲಿಲ್ಲ. ನಿನಗೆ ಫೋನು ಮಾಡಿ ನಾನು ಹೇಗೆ "ಮಂಕಿ" ಅನ್ನಲಿ? ಕಾಗದದಲ್ಲಾದರೆ ಬಾಯಿ ಸೊಟ್ಟಗಿರುವುದು ಕಾಣುವುದಿಲ್ಲ.

ಸುಪ್ರಿಯಾಳ ಮದುವೆಯ ಚಪ್ಪರದಲ್ಲಿ ಎಲ್ಲರೂ "ಒಂದು ಸೀನು ಹಾಕು" ಎಂದು ಕೇಳುತ್ತಿದ್ದರು. ಆ ಮುಖ ತೆಗೆದುಕೊಂಡು ನಾನು ಬರಲಾರದೆ ಹೋದೆ.

ಅಣ್ಣ ಬಂದದ್ದು ಆರನೇ ತಾರೀಖು. ಮಳೆಯಲ್ಲಿ ತೊಯ್ದು, ಹೆಗಲಿಗೆ ಕುಮಟೆಯ ಸಿಹಿ ಈರುಳ್ಳಿಯ ಎರಡು ಜಡೆ ಹಾಕಿಕೊಂಡು. ನಾನು ಸೆರಗು ಮುಖಕ್ಕೆ ಹಿಡಿದು ಬಾಗಿಲು ತೆಗೆದೆ. ಬೈಯಲೆಂದೇ ಬಂದಿದ್ದ, ಬಾಯಿ ತೆರೆದಿತ್ತು. ನನ್ನ ಕೈ ನೋಡಿ ಅದು ಹಾಗೇ ನಿಂತಿತು.

"ಮುಖ ತೋರ್ಸು."

ತೋರಿಸಿದೆ.

"ಎಷ್ಟ್ ದಿನ ಆತು?"

"ಎರಡು ತಿಂಗಳು."

ಈರುಳ್ಳಿ ಕೆಳಗಿಟ್ಟು ಬಚ್ಚಲಿಗೆ ಹೋದ. ಬರುವಾಗ ಕಣ್ಣು ಕೆಂಪು. "ಈರುಳ್ಳಿ" ಎಂದ. ಅತ್ತಿಗೆ, ನಿನ್ನ ತವರಿನ ಈರುಳ್ಳಿ ಹಸಿಯಾಗಿ ತಿಂದರೂ ಕಣ್ಣಿಗೆ ನೀರು ಬರುವುದಿಲ್ಲ. 

ಎರಡು ದಿನ ಅವನೇ ಮನೆಗೆಲಸ ಮಾಡಿದ. ಗಂಜಿ ಬೇಯಿಸಿದ, ಬಟ್ಟೆ ಒಗೆದ. ಮೂರನೇ ದಿನ ಡಾಕ್ಟರ ಚೀಟಿ ಅವನ ಕೈಗೆ ಸಿಕ್ಕಿತು, ಜಯಶ್ರೀಬಾಯಿಯವರಿಂದ ಓದಿಸಿಕೊಂಡು ಬಂದ. "ಇದ್ ಮಾಡ್ತೀಯಾ?" ಎಂದ. ಮಾಡುತ್ತಿರಲಿಲ್ಲ. ಕನ್ನಡಿ ಮುಂದೆ ಮಾಡಬೇಕು, ನನಗೆ ಆ ಕನ್ನಡಿಯನ್ನು ನೋಡಲೇ ಆಗುತ್ತಿರಲಿಲ್ಲ. ಅದನ್ನೇ ಹೇಳಿದೆ. ಅಣ್ಣ ಎದ್ದು ತನ್ನ ಟುವಾಲನ್ನು ಕನ್ನಡಿಯ ಮೇಲೆ ಹಾಕಿ, ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತ. "ಕನ್ನಡಿ ಬ್ಯಾಡ. ನನ್ನ ಮುಖ ನೋಡಿ ಮಾಡು" ಎಂದು ಹೇಳಿ, ಚೀಟಿಯಲ್ಲಿದ್ದದ್ದನ್ನು ಒಂದೊಂದಾಗಿ ಶುರುಮಾಡಿದ.

ನಮ್ಮ ಶನಿಯಾರಣ್ಣ! ತನ್ನ ಮದುವೆಯ ಫೋಟೋದಲ್ಲೂ ಹಲ್ಲು ತೋರಿಸದವನು! ಹುಬ್ಬು ಮೇಲೆ ಮಾಡಿದ. ಕೆನ್ನೆ ಉಬ್ಬಿಸಿದ. ಮೂಗು ಸುಕ್ಕು ಮಾಡಿದ. ತುಟಿ ಚೂಪು ಮಾಡಿ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಓಡಿಸಿದ. ಎಲ್ಲವನ್ನೂ ಗದ್ದೆಯ ಬದು ಕಟ್ಟುವವನ ಗಾಂಭೀರ್ಯದಲ್ಲಿ ಮಾಡಿದ. ಏಳನೆಯದು ಸಿಳ್ಳೆ. ಅವನು ಊದಿದರೆ ಸೈಕಲ್ ಟ್ಯೂಬಿನ ಗಾಳಿ ಹೋದ ಹಾಗೆ "ಫುಸ್" ಅಂತ ಅಷ್ಟೇ ಬಂತು. ಇನ್ನೊಮ್ಮೆ ಊದಿದ. ಮತ್ತೂ ಫುಸ್. ನಾನು ನಕ್ಕೆ. ಅರ್ಧ ಬಾಯಿಯಲ್ಲಿ, ಜೊಲ್ಲು ಸುರಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡು ತಿಂಗಳ ಮೇಲೆ ಮೊದಲ ಸಲ.

ಅವನು ನಿಲ್ಲಿಸಿ ನನ್ನನ್ನು ನೋಡಿದ. ಸಿಟ್ಟು ಬಂತೇನೋ ಎಂದು ಹೆದರಿದೆ.

"ನೀ ನಕ್ಕಿದ್ದು ನನ್ನ ನೋಡಿ ಅಲ್ದಾ?"

"ಹೌದು ಅಣ್ಣ."

"ನಂಗೆ ಎಂತದೂ ಆಗ್ಲಿಲ್ಲ" ಎಂದ. ಇನ್ನೊಮ್ಮೆ "ಫುಸ್" ಎಂದು ಊದಿ, "ಚಲೋನೇ ಆತು" ಎಂದ.

ಆಮೇಲೆ ಚಾ ಅಂಗಡಿಯ ಕಥೆಯನ್ನೂ ತಾನೇ ಹೇಳಿದ. ನೀನು ಮುಚ್ಚಿಟ್ಟದ್ದು ನಿನ್ನ ಪತ್ರ ಬರುವ ಮೊದಲೇ ನನಗೆ ಗೊತ್ತಾಯಿತು. ದಿನಕ್ಕೆ ಮೂರು ಸಲ ಎದುರುಬದುರು ಕೂರುತ್ತೇವೆ. ಹುಬ್ಬು ಒಂದು ಕೂದಲಿನಷ್ಟು ಎದ್ದಿದೆ ಎನ್ನುತ್ತಾನೆ. ಕಳುಹಿಸಿಬಿಡು ಎಂದು ಬರೆಯಬೇಡ ಅತ್ತಿಗೆ. ಇನ್ನೂ ಸ್ವಲ್ಪ ದಿನ ಇರಲಿ.

ಲಕ್ಕಿ


ಮಂಕಿ
3 ಜುಲೈ 2000

ನನ್ನ ಲಕ್ಕಿ,

ನಿನ್ನ ಪತ್ರವನ್ನು ಅಂಗನವಾಡಿಯ ಜಗುಲಿಯಲ್ಲಿ ಓದಿದೆ. ಮಕ್ಕಳು, "ಟೀಚರ್ ಎಂತಕ್ಕೆ ಅಳ್ತ್ರಿ?" ಎಂದು ಕೇಳಿದರು. ಅವರಿಗೆ ಕೊಡಲು ನನ್ನಲ್ಲಿ ಈರುಳ್ಳಿಯ ನೆಪವೂ ಇರಲಿಲ್ಲ.

ನೀನು ಎಂಟು ವರ್ಷದವಳಿದ್ದಾಗಿಂದ ನಿನ್ನ ತಲೆ ಬಾಚಿದವಳು ನಾನು. ಸೀತಾಳೆ ಸಿಡುಬಾದಾಗ ನಿನ್ನ ಮುಖ ತೊಳೆದವಳು ನಾನು. ನನ್ನಿಂದ ಮುಖ ಮುಚ್ಚಿಕೊಂಡೆಯಲ್ಲ ಹುಚ್ಚಿ! ಆದರೆ ನಾನೂ ಒಂದು ಮುಚ್ಚಿಟ್ಟಿದ್ದೆ, ಹಾಗಾಗಿ ಬೈಯುವ ಹಕ್ಕಿಲ್ಲ. ಹೋದ ಪತ್ರವನ್ನು ಹರಿದುಹಾಕು.

ಅಣ್ಣ ಬೇಕಾದಷ್ಟು ದಿನ ಇರಲಿ. ನಾಟಿಗೆ ನನ್ನ ತಮ್ಮ ಸೋಮ ಅಳ್ವೆಕೋಡಿಯಿಂದ ಬಂದಿದ್ದಾನೆ, ಅಳಿಯನೂ ಬರುತ್ತಾನೆ. ಸುಪ್ರಿಯಾಳಿಗೆ ಎಲ್ಲ ಹೇಳಿದೆ. ಅವಳು ಅತ್ತು, ಆಮೇಲೆ, "ಅಪ್ಪ ಕೆನ್ನೆ ಉಬ್ಬಿಸಿದ್ದನ್ನ ನಾ ನೋಡ್ಬೇಕಿತ್ತು" ಎಂದು ನಕ್ಕಳು.

ಶನಿವಾರ ಫೋನು ಮಾಡು. ಮಕಾರ ಬರದಿದ್ದರೆ ಬೇಡ. ಬರುವ ಅಕ್ಷರಗಳಲ್ಲೇ ಮಾತಾಡೋಣ.

ಅತ್ತಿಗೆ


ಮುಲುಂಡ್
18 ಫೆಬ್ರವರಿ 2001

ಪ್ರೀತಿಯ ಅತ್ತಿಗೆಗೆ, ಅಣ್ಣನಿಗೆ,

ಫೋನಿನಲ್ಲಿ ಹೇಳಲಾಗದ ಎರಡು ವಿಷಯ ಇವೆ.

ಒಂದು. ಮುಲಾಮಿನವರು ಹೊಸ ಜಾಹೀರಾತು ಮಾಡಿದ್ದಾರೆ, ಬೇರೆ ಹೆಂಗಸನ್ನು ಹಾಕಿದ್ದಾರೆ. ನೋಡಿದೆ. ಅವಳು ಚೆನ್ನಾಗಿ ಸೀನುತ್ತಾಳೆ. ಈ ಒಂದು ವಾಕ್ಯ ಬರೆಯಲು ನನಗೆ ಎರಡು ದಿನ ಬೇಕಾಯಿತು.

ಎರಡು. ಮುಖ ಮುಕ್ಕಾಲು ಪಾಲು ಸರಿಯಾಗಿದೆ. ಕಣ್ಣು ಮುಚ್ಚುತ್ತದೆ, ಮಾತು ಶುದ್ಧ. ಆದರೆ ನಗುವಾಗ ಎಡಗಡೆ ಹಿಂದೆ ಬೀಳುತ್ತದೆ. ಬಲಗಡೆ ನಕ್ಕು ಮುಗಿಸಿದ ಮೇಲೆ ಅದಕ್ಕೆ ಸುದ್ದಿ ಮುಟ್ಟುತ್ತದೆ. ಇಷ್ಟೇ ಉಳಿಯುವುದು ಎಂದರು ಡಾಕ್ಟರು. ಮತ್ತೆ ಅಡುಗೆ ಕೆಲಸಕ್ಕೇ ಹೋಗುವುದೆಂದು ಜಯಶ್ರೀಬಾಯಿಯವರ ಹತ್ತಿರ ಮಾತಾಡುತ್ತಿದ್ದೆ. ಆಗ ಮೇಲಿನ ಮಾಳಿಗೆಯ ಸಾಹೇಬರು ಬಂದರು. ಅವರ ಎದುರು ಏನೋ ಹೇಳಿ ನಕ್ಕೆ. ಅವರು ನನ್ನ ಮುಖವನ್ನೇ ನೋಡಿ, "ಇನ್ನೊಮ್ಮೆ ನಗು" ಎಂದರು. ನಕ್ಕೆ. ಎಡಗಡೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೈಗಡಿಯಾರ ನೋಡಿಕೊಂಡರು.

ಫೋಟೋ ರೀಲಿನ ಜಾಹೀರಾತಂತೆ. ದೊಡ್ಡ ಕುಟುಂಬ ಫೋಟೋಕ್ಕೆ ನಿಂತಿದೆ, ಎಲ್ಲರೂ ನಗುತ್ತಾರೆ, ನಡುವೆ ಕೂತ ಹೆಂಗಸಿನ ನಗು ಮಾತ್ರ ಪೂರ್ತಿ ಬಂದಿಲ್ಲ. ಫೋಟೋಗ್ರಾಫರ್ ಕಾಯುತ್ತಾನೆ. ಎಲ್ಲರೂ ಬಾಗಿ ಅವಳನ್ನೇ ನೋಡುತ್ತಾರೆ.

"ಇದು ನನ್ನ ಕಾಯಿಲೆ ಸಾಹೇಬರೇ" ಎಂದೆ. "ಕಾಯಿಲೆ ಹೋಯಿತು, ಇದು ನಿನ್ನ ನಗು" ಎಂದರು. ನನಗೆ ಗೊತ್ತಾಗುತ್ತಿಲ್ಲ. ಹಿಂದೆ ಜನ ನಕ್ಕದ್ದು ನಾನು ಮಾಡಿ ತೋರಿಸಿದ್ದಕ್ಕೆ. ಇದು ನಾನು ಮಾಡುವುದಲ್ಲ, ನನಗೆ ಆದದ್ದು. ಜನ ಮರುಗಿದರೆ ನನಗೆ ತಡೆಯಲಾಗದು. ಚಾ ಅಂಗಡಿಯ ಮಾತು ಮತ್ತೆ ಅಣ್ಣನಿಗೇ ತಟ್ಟುತ್ತದೆ. ನೀವಿಬ್ಬರೂ ಬೇಡ ಎಂದರೆ ಬೇಡ.

ಲಕ್ಕಿ


ಮಂಕಿ
27 ಫೆಬ್ರವರಿ 2001

ಪ್ರೀತಿಯ ಲಕ್ಕಿಗೆ,

ಪತ್ರವನ್ನು ಎರಡು ಸಲ ಓದಿ ಹೇಳಿದೆ. ನಿನ್ನ ಅಣ್ಣ ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಕಟ್ಟುಗಳನ್ನೆಲ್ಲ ಬುಟ್ಟಿಗೆ ಹಾಕಿದರು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಆ ನಗು ಬರೂಕೆ ಒಂದ್ ತಿಂಗ್ಳು ನಾವಿಬ್ರೂ ಎದುರುಬದುರು ಕೂತು ಮುಖ ಹರ್ಕೊಂಡಿದ್ದು. ಅದು ಪುಕ್ಕಟೆ ಬಂದಿದ್ದಲ್ಲ, ತೋರ್ಸೂಕೆ ನಾಚ್ಕೆ ಎಂತಕ್ಕೆ? ಮಾಡು ಅನ್ನು. ಅಂಗಡೀಲಿ ಯಾರಾದ್ರೂ ಎಂತಾದ್ರೂ ಅಂದ್ರೆ ನಾ ಅಲ್ಲೇ ಕೂತಿರ್ತೆ."

ನನ್ನ ಮಾತೂ ಅದೇ. ಆದರೆ ಈ ಸಲ ಕನ್ನಡದ ಮಾತು ನಿನ್ನದೇ ಇರಬೇಕು ಎಂದು ಹಟ ಹಿಡಿ.

ದೇವಿ


ಮಂಕಿ
26 ಆಗಸ್ಟ್ 2001

ಪ್ರೀತಿಯ ಲಕ್ಕಿಗೆ,

ಚೌತಿಗೆ ನೀನು ಬರದಿದ್ದುದಕ್ಕೆ ಈ ಸಲ ಸಿಟ್ಟಿಲ್ಲ. ಕೆಲಸ ಇತ್ತೆಂದು ಗೊತ್ತು, ನಿಜವಾದ ಕೆಲಸ ಎಂದೂ ಗೊತ್ತು. ಸುಪ್ರಿಯಾ, ಅಳಿಯ ಬಂದಿದ್ದಾರೆ. ಅವಳಿಗೆ ಐದು ತಿಂಗಳು. ನೀನು ಬಾಣಂತನಕ್ಕೆ ಬರುತ್ತೀ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ನಿನ್ನ ಅಣ್ಣ, "ಎಲ್ರೂ ಬನ್ನಿ, ಚಾ ಕುಡ್ದು ಬಪ್ಪ" ಎಂದರು. ನಾನು ನಂಬಲಿಲ್ಲ. ಬಸ್ ಸ್ಟಾಪಿನ ಅಂಗಡಿಗೇ ಕರೆದುಕೊಂಡು ಹೋದರು. ಟಿ.ವಿ.ಯ ಎದುರಿನ ಬೆಂಚಿನಲ್ಲಿ ನಾವು ನಾಲ್ವರೂ ಸಾಲಾಗಿ ಕೂತೆವು. ಯಾರೋ ಹಿಂದಿನಿಂದ "ಆಕ್ಷೀ" ಎಂದರು. ನಿನ್ನ ಅಣ್ಣ ತಿರುಗಿ, "ಹೌದು, ಅವ್ಳ ಅಣ್ಣನೇ ನಾ. ಅದು ಹಳೇದಾತು, ಹೊಸದು ಬತ್ತದೆ, ಕೂತ್ಕಾ" ಎಂದು ಅವನಿಗೂ ಜಾಗ ಕೊಟ್ಟರು.

ಎರಡನೇ ಚಾ ಬರುವಾಗ ನೀನು ಬಂದೆ. ಜರಿಸೀರೆ ಉಟ್ಟು, ಅಷ್ಟು ಜನರ ನಡುವೆ ಕುರ್ಚಿಯಲ್ಲಿ ಕೂತಿದ್ದೆ. ಫೋಟೋಗ್ರಾಫರ್ ನಗಿ ಎಂದ. ನೀನು, "ನಗ್ತೇ ಇದ್ದೆ ಮಾರಾಯ, ಗಡಿಬಿಡಿ ಮಾಡ್ಬೇಡ" ಎಂದೆ. ನಿನ್ನದೇ ದನಿ, ನಮ್ಮದೇ ಮಾತು! ಅಂಗಡಿಯಲ್ಲಿ ಅಲ್ಲೇ ನಗು ಶುರುವಾಯಿತು. ನಿನ್ನ ಬಲಗಡೆ ನಕ್ಕಿತು. ಎಡಗಡೆ ಹಾಗೇ ಇತ್ತು. ನಾನು ಸುಪ್ರಿಯಾಳ ಕೈ ಹಿಡಿದಿದ್ದೆ. ನಗುತ್ತಿದ್ದವರೂ ಸುಮ್ಮನಾದರು. ಚಾ ಸೋಸುತ್ತಿದ್ದವನ ಕೈಯೂ ನಿಂತಿತು. ಅಂಗಡಿಗೆ ಅಂಗಡಿಯೇ ನಿನ್ನ ಎಡಗೆನ್ನೆಯನ್ನು ನೋಡುತ್ತಾ ಕೂತಿತ್ತು.

ನಿನ್ನ ಅಣ್ಣ ಮಾತ್ರ ಮುಂದೆ ಬಾಗಿ, ತಮ್ಮ ಎಡಗೆನ್ನೆಯನ್ನೇ ಮೆಲ್ಲಗೆ ಮೇಲಕ್ಕೆ ಎಳೆಯುತ್ತಿದ್ದರು.

"ಬಂತು" ಎಂದರು.

ನಿನ್ನ ಅತ್ತಿಗೆ
ದೇವಿ